ಗೋವಿಂದ: ಸಿಕ್ಕಿದ್ದಕ್ಕೂ ಅದೇ ಹೆಸರು, ಕಳೆದದ್ದಕ್ಕೂ ಅದೇ ಹೆಸರು

ಪ್ರಶ್ನೆ: ನಮ್ಮದು ತುಮಕೂರು ಕಡೆ, ಈಗ ಬೆಂಗಳೂರಿನಲ್ಲಿದ್ದೇವೆ. ಮೂರು ತಿಂಗಳ ಹಿಂದೆ ಗಂಡುಮಗು ಹುಟ್ಟಿದೆ. ತೀರಿಕೊಂಡ ನಮ್ಮ ತಾತನ ಹೆಸರು ಗೋವಿಂದಯ್ಯ. ಮಗುವಿಗೆ ಗೋವಿಂದ ಅಂತ ಇಡಬೇಕೆಂದು ನನಗೂ ನಮ್ಮ ತಂದೆಗೂ ಆಸೆ. ಹೆಂಡತಿಯ ಅಕ್ಕ ಕೇಳಿದ ತಕ್ಷಣ ನಕ್ಕು, "ಮುಂದೆ ಇವನು ದುಡಿದದ್ದೆಲ್ಲ ಗೋವಿಂದಾ" ಅಂದರು. ಆಫೀಸಿನಲ್ಲೂ ಇದೇ ತಮಾಷೆ. ಮಾವನವರಿಗೆ ಮಾತ್ರ ನಿಜವಾಗಿ ಅಳುಕಿದೆ: "ಹೆಣದ ಮುಂದೆ ಕೂಗೋ ಹೆಸರನ್ನ ತೊಟ್ಟಿಲ ಕೂಸಿಗೆ ಇಡ್ತೀರಾ?" ಅಂತಾರೆ. ಈ ಹೆಸರಿನ ಮೂಲ ಯಾವುದು, ಆಡುಮಾತಿನ ಈ ಅರ್ಥ ಎಲ್ಲಿಂದ ಬಂತು, ಇಟ್ಟರೆ ತಪ್ಪಾ?

ಉತ್ತರ: ಇಡಿ, ಧಾರಾಳವಾಗಿ ಇಡಿ. ಇಷ್ಟೇ ಹೇಳಿ ಮುಗಿಸಬಹುದಿತ್ತು. ಆದರೆ ನಿಮ್ಮ ಮಾವನವರ ಅಳುಕು ತಳ್ಳಿಹಾಕುವಂಥದ್ದಲ್ಲ; ಅವರು ಕಣ್ಣಾರೆ ಕಂಡದ್ದನ್ನೇ ಹೇಳಿದ್ದಾರೆ. ಜನರ ಹೆಸರು, ಊರ ಹೆಸರು ಎಂದು ಓಡಾಡಿಕೊಂಡೇ ಮೂವತ್ತು ವರ್ಷ ಕಳೆದಿರುವ ನನಗೆ ಗೋವಿಂದನಷ್ಟು ಸೋಜಿಗ ಹುಟ್ಟಿಸಿದ ಹೆಸರು ಇನ್ನೊಂದಿಲ್ಲ. ಈ ಹೆಸರಿಗಿರುವ ಹಳೆಯ ವಿವರಣೆಗಳಲ್ಲಿ ಒಂದು, "ಕಳೆದುಹೋದದ್ದನ್ನು ಹುಡುಕಿ ಪಡೆದವನು" ಎನ್ನುತ್ತದೆ. ನಮ್ಮ ಬೀದಿಯ ಮಾತಿನಲ್ಲಿ ಅದೇ ಹೆಸರಿಗೆ "ಕಳೆದೇಹೋಯ್ತು, ಇನ್ನು ಬರೋದಿಲ್ಲ" ಎಂದರ್ಥ. ಒಂದು ಹೆಸರು ತನ್ನ ಅರ್ಥಕ್ಕೇ ಹೀಗೆ ಬೆನ್ನು ತಿರುಗಿಸಿ ನಿಂತದ್ದು ಹೇಗೆ ಎಂಬುದೇ ನಿಮ್ಮ ಪ್ರಶ್ನೆಯ ತಿರುಳು.

ಮೊದಲು ಆ ಹಳೆಯ ವಿವರಣೆಯನ್ನೇ ನೋಡಿ. ಮಹಾಭಾರತದ ಶಾಂತಿಪರ್ವದಲ್ಲಿ ಕೃಷ್ಣ ತನ್ನ ಹೆಸರುಗಳ ಅರ್ಥವನ್ನು ತಾನೇ ಅರ್ಜುನನಿಗೆ ಬಿಡಿಸಿ ಹೇಳುವ ಸಂದರ್ಭವಿದೆ. ಅಲ್ಲಿ ಗೋವಿಂದ ಎಂಬ ಹೆಸರಿಗೆ ಅವನು ಕೊಡುವ ಕಾರಣ: "ನಷ್ಟಾಂ ಚ ಧರಣೀಂ ಪೂರ್ವಮವಿಂದಂ ವೈ ಗುಹಾಗತಾಮ್". ಗುಹೆ ಸೇರಿ ಕಾಣೆಯಾಗಿದ್ದ ಭೂಮಿಯನ್ನು ಹಿಂದೊಮ್ಮೆ ಹುಡುಕಿ ಪಡೆದೆ, ಅದಕ್ಕೇ ದೇವತೆಗಳು ನನ್ನನ್ನು ಗೋವಿಂದ ಎಂದು ಹೊಗಳಿದರು. ಇಲ್ಲಿ "ಗೋ" ಎಂದರೆ ಭೂಮಿ. ನೆನಪಾಗುವುದು ವರಾಹಾವತಾರ. ವಿಷ್ಣುಸಹಸ್ರನಾಮದಲ್ಲಿ ಗೋವಿಂದ ಎರಡು ಸಲ ಬರುತ್ತದೆ, 187ನೆಯ ಹೆಸರಾಗಿ ಮತ್ತು 539ನೆಯ ಹೆಸರಾಗಿ. ಎರಡನೆಯ ಸಲ ಅದರ ಬೆನ್ನಿಗೇ ಹಿಂದೆ, 538ನೆಯದಾಗಿ ನಿಂತಿರುವ ಹೆಸರು ಮಹಾವರಾಹ. ಸಹಸ್ರನಾಮಕ್ಕೆ ಶಂಕರರ ಹೆಸರಿನಲ್ಲಿರುವ ಭಾಷ್ಯವೂ ಶಾಂತಿಪರ್ವದ ಈ ಮಾತನ್ನೇ ಎತ್ತಿಕೊಳ್ಳುತ್ತದೆ. ನೀರಲ್ಲಿ ಮುಳುಗಿದ ಭೂಮಿಯನ್ನು ಕೋರೆಯ ಮೇಲೆ ಎತ್ತಿ ತಂದವನ ಹೆಸರು ಇವತ್ತು ಚೀಟಿಯಲ್ಲಿ ಮುಳುಗಿದ ದುಡ್ಡಿಗೆ ಅಂಟಿಕೊಂಡಿದೆ.

ಪದದ ಒಳಗಟ್ಟು ಸರಳ. "ಗೋ" ಒಂದು, "ವಿಂದ" ಇನ್ನೊಂದು. ವಿಂದ ಎಂಬುದು ಪಡೆ, ಕಂಡುಕೊಳ್ಳು ಎಂಬ ಅರ್ಥದ ಧಾತುವಿನಿಂದ ಬಂದದ್ದು. ಪಾಣಿನಿಯ ಮೂರನೆಯ ಅಧ್ಯಾಯದ ಒಂದು ಸೂತ್ರಕ್ಕೆ ಸೇರಿಸಿದ ವಾರ್ತಿಕ ಗೋ ಮೊದಲಾದ ಪದಗಳ ಜೊತೆ ಈ ವಿಂದ ಸೇರಿ ಹೆಸರುಗಳಾಗುತ್ತವೆ ಎನ್ನುತ್ತದೆ. ಅದಕ್ಕೆ ವೃತ್ತಿಕಾರರು, ಅಂದರೆ ಸೂತ್ರಗಳಿಗೆ ವಿವರಣೆ ಬರೆದವರು, ಕೊಡುವ ಉದಾಹರಣೆ ಗೋವಿಂದ ಮತ್ತು ಅರವಿಂದ. ಅಂದರೆ ವ್ಯಾಕರಣದ ಮನೆಯಲ್ಲಿ ಇವರಿಬ್ಬರೂ ಅಣ್ಣತಮ್ಮಂದಿರು. ನಿಮ್ಮ ಆಫೀಸಿನಲ್ಲಿ ಅರವಿಂದ ಎಂಬವರು ಇದ್ದರೆ, ಯಾರೂ ಅವರ ಹೆಸರು ಹೇಳಿ ನಗುವುದಿಲ್ಲ ಎಂಬುದನ್ನು ಗಮನಿಸಿ. ತಮಾಷೆ ಹುಟ್ಟಿದ್ದು ಪದದ ಅರ್ಥದಿಂದಲ್ಲ, ಬೇರೆ ಎಲ್ಲಿಂದಲೋ.

ಗೋ ಎಂದರೆ ಮೊದಲಿಗೆ ಹಸು. ಋಗ್ವೇದದಲ್ಲಿ "ಗೋವಿದ್" ಎಂಬ ವಿಶೇಷಣವಿದೆ, ಹಸುಗಳನ್ನು ಹುಡುಕಿ ಗೆದ್ದು ತರುವವನು ಎಂದು. ಅದು ಅಲ್ಲಿ ಇಂದ್ರನಿಗೆ ಸಲ್ಲುತ್ತದೆ. ಹತ್ತನೆಯ ಮಂಡಲದ ಯುದ್ಧಸೂಕ್ತದಲ್ಲಿ "ಗೋತ್ರಭಿದಂ ಗೋವಿದಂ ವಜ್ರಬಾಹುಂ" ಎಂದು ಇಂದ್ರನನ್ನು ಕರೆದಿದ್ದಾರೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಗೋವರ್ಧನದ ಕಥೆ ಓದಿದರೆ ಅದರ ರುಚಿಯೇ ಬೇರೆ. ಇಂದ್ರ ಏಳು ದಿನ ಮಳೆ ಸುರಿಸುತ್ತಾನೆ, ಕೃಷ್ಣ ಬೆಟ್ಟವನ್ನು ಎತ್ತಿ ಹಿಡಿಯುತ್ತಾನೆ, ಸೋತ ಇಂದ್ರ ಇಳಿದು ಬಂದು ಆ ಹುಡುಗನಿಗೆ ಅಭಿಷೇಕ ಮಾಡುತ್ತಾನೆ. ಹರಿವಂಶದಲ್ಲಿ ಇಂದ್ರ ಹೇಳುವ ಮಾತು: ನಾನು ದೇವತೆಗಳಿಗೆ ಇಂದ್ರ, ನೀನು ಗೋವುಗಳಿಗೆ ಇಂದ್ರನಾದೆ, ಲೋಕ ನಿನ್ನನ್ನು ಗೋವಿಂದ ಎಂದು ಹೊಗಳಲಿ. ಭಾಗವತದ ಹತ್ತನೆಯ ಸ್ಕಂಧದಲ್ಲೂ ಅಭಿಷೇಕ ಮಾಡಿ ಗೋವಿಂದ ಎಂದು ಹೆಸರಿಡುವವನು ಇಂದ್ರನೇ. ಒಂದು ಕಾಲಕ್ಕೆ ತನ್ನದಾಗಿದ್ದ ಬಿರುದನ್ನು ಅವನು ತನ್ನ ಕೈಯಾರೆ ಬಿಟ್ಟುಕೊಟ್ಟಂತೆ ನನಗೆ ಕಾಣುತ್ತದೆ. ಬಿಟ್ಟುಕೊಡುವ ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹರಿವಂಶದ ಈ "ಗೋವುಗಳಿಗೆ ಇಂದ್ರ" ಎಂಬ ಮಾತಿನ ಹಿಂದೆ ಇನ್ನೊಂದು ಜಾಡಿದೆ. ಗೋಪೇಂದ್ರ ಎಂಬುದು ಪ್ರಾಕೃತದ ಬಾಯಲ್ಲಿ ಸವೆದು ಗೋವಿಂದ ಆಗಿರಬಹುದು ಎನ್ನುವ ವಿದ್ವಾಂಸರಿದ್ದಾರೆ. ಪಕಾರ ವಕಾರವಾಗುವುದು ನಮಗೆ ಹೊಸದಲ್ಲ. ದೀಪದಿಂದ ದೀವಿಗೆ ಬಂದಿಲ್ಲವೇ? ಇಂದ್ರ ಎಂಬುದು ಪಾಳಿ, ಪ್ರಾಕೃತಗಳಲ್ಲಿ ಇಂದ ಆಗುತ್ತದೆ. ಹಾಗಾದರೆ ಗೋಪರ ಒಡೆಯ ಎಂದರ್ಥ. ಪಾಳಿಯ ಬೌದ್ಧಗ್ರಂಥ ದೀಘನಿಕಾಯದಲ್ಲಿ ಮಹಾಗೋವಿಂದಸುತ್ತ ಎಂಬ ಭಾಗವೇ ಇದೆ. ಅಲ್ಲಿ ರಾಜಪುರೋಹಿತನೊಬ್ಬನ ಹೆಸರು ಗೋವಿಂದ. ಅವನು ಸತ್ತ ಮೇಲೆ ಮಗ ಜೋತಿಪಾಲ ಆ ಜಾಗಕ್ಕೆ ಬರುತ್ತಾನೆ, ಜನ ಅವನನ್ನು ಮಹಾಗೋವಿಂದ ಎಂದು ಕರೆಯತೊಡಗುತ್ತಾರೆ. ಹೆಸರಿಗಿಂತ ಹೆಚ್ಚಾಗಿ ಹುದ್ದೆಯ ಹಾಗೆ ಅದು ಬಳಕೆಯಾಗಿದೆ. ನನ್ನ ಒಲವು ಇನ್ನೂ ಗೋ-ವಿಂದದ ಕಡೆಗೇ; ವೇದದ ಗೋವಿದ್ ಅಷ್ಟು ಹತ್ತಿರದಲ್ಲಿರುವಾಗ ಸುತ್ತುದಾರಿ ಯಾಕೆ? ಸಹಸ್ರನಾಮದಲ್ಲೂ 187ನೆಯ ಗೋವಿಂದನ ಮಗ್ಗುಲಲ್ಲೇ "ಗೋವಿದಾಂ ಪತಿಃ" ಎಂಬ ಹೆಸರಿದೆ.

ಗೋ ಎಂಬುದಕ್ಕೆ ಮಾತು, ಕಿರಣ, ಇಂದ್ರಿಯ ಎಂಬ ಅರ್ಥಗಳೂ ಉಂಟು. ಮಾತಿನಿಂದ, ಅಂದರೆ ವೇದವಾಕ್ಯಗಳಿಂದ, ತಿಳಿಯತಕ್ಕವನು ಗೋವಿಂದ ಎನ್ನುವ ವ್ಯಾಖ್ಯಾನವೂ ಇದೆ. ಅವೆಲ್ಲ ಒಳ್ಳೆಯವೇ, ಆದರೆ ನಿಮ್ಮ ಪ್ರಶ್ನೆಗೆ ಬೇಕಾದವಲ್ಲ.

ತಿರುಪತಿ ಯಾತ್ರೆಗೆ ಹೋದವರಿಂದ ನೀವು ಇನ್ನೊಂದು ಕಥೆ ಕೇಳಿರಬಹುದು. ಶ್ರೀನಿವಾಸ ಅಗಸ್ತ್ಯರ ಆಶ್ರಮಕ್ಕೆ ಹೋಗಿ ಒಂದು ಹಸು ಕೇಳಿದನಂತೆ. ಮದುವೆಯಾಗಿ ಹೆಂಡತಿಯ ಜೊತೆ ಬಾ, ಕೊಡುತ್ತೇನೆ ಎಂದರಂತೆ ಅಗಸ್ತ್ಯರು. ಪದ್ಮಾವತಿಯೊಂದಿಗೆ ಅವನು ಬಂದಾಗ ಅಗಸ್ತ್ಯರು ಆಶ್ರಮದಲ್ಲಿರಲಿಲ್ಲ, ಶಿಷ್ಯ ಕೊಡಲಿಲ್ಲ. ಆಮೇಲೆ ವಿಷಯ ತಿಳಿದ ಋಷಿ ಹಸುವನ್ನು ಹಿಡಿದುಕೊಂಡು ಹಿಂದೆಯೇ ಓಡುತ್ತಾ ತೆಲುಗಿನಲ್ಲಿ "ಗೋವು ಇಂದಾ, ಗೋವು ಇಂದಾ" ಎಂದು ಕೂಗಿದರಂತೆ. ತೆಲುಗಿನಲ್ಲಿ ಇಂದಾ ಎಂದರೆ ತಗೋ. ಆ ಕೂಗೇ ಗೋವಿಂದಾ ಆಯಿತು, ಸ್ವಾಮಿ ಮಾತ್ರ ಬೆಟ್ಟ ಹತ್ತಿ ಮರೆಯಾದ ಎಂದು ಕಥೆ. ಹೆಸರು ವೇದದಷ್ಟು ಹಳೆಯ ಬೇರಿನದು, ಆದ್ದರಿಂದ ಇದು ಪದದ ಮೂಲವಲ್ಲ. ಆದರೆ ಈ ಕಥೆಯನ್ನು ನಾನು ಬಹಳ ಇಷ್ಟಪಡುತ್ತೇನೆ. ಇದರಲ್ಲಿ ಗೋವಿಂದ ಎನ್ನುವುದು ಕೊಡುವವನ ಕೂಗು. "ತಗೋ" ಎಂಬ ಮಾತು. ಜನ ಆ ಕೂಗನ್ನು ಹೇಗೆ ಕೇಳಿಸಿಕೊಂಡಿದ್ದಾರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ.

ಇಂಥ ಹೆಸರನ್ನು ಯಾರು ಯಾರು ಹೊತ್ತಿದ್ದರು ಎಂದು ಮಾವನವರಿಗೆ ಹೇಳಬೇಕಲ್ಲ. ಕನ್ನಡ ನೆಲವನ್ನಾಳಿದ ರಾಷ್ಟ್ರಕೂಟರಲ್ಲಿ ನಾಲ್ವರು ಗೋವಿಂದರು. ಅವರಲ್ಲಿ ಮೂರನೆಯವನು, 793ರಿಂದ 814ರವರೆಗೆ ಆಳಿದವನು, ಉತ್ತರದ ಗಂಗೆಯ ಬಯಲಿನವರೆಗೂ ದಂಡೆತ್ತಿ ಹೋಗಿ ಗೆದ್ದು ಬಂದ. ಕವಿರಾಜಮಾರ್ಗದ ಕಾಲದ ದೊರೆ ಅಮೋಘವರ್ಷ ನೃಪತುಂಗ ಈತನ ಮಗ. ಶಂಕರಾಚಾರ್ಯರ ಗುರುಗಳು ಗೋವಿಂದ ಭಗವತ್ಪಾದರು. ಸಿಖ್ಖರ ಹತ್ತನೆಯ ಗುರು, 1699ರಲ್ಲಿ ಖಾಲ್ಸಾ ಕಟ್ಟಿದವರು, ಗುರು ಗೋಬಿಂದ ಸಿಂಗ್. ಪಂಜಾಬಿನಲ್ಲೂ ಬಂಗಾಳದಲ್ಲೂ ವಕಾರ ಬಕಾರವಾಗುತ್ತದೆ. ಬಂಗಾಳದ ಘಮಘಮಿಸುವ ಸಣ್ಣಕ್ಕಿಯ ಹೆಸರು ಗೋಬಿಂದೊಭೋಗ್, ಗೋವಿಂದನ ನೈವೇದ್ಯ ಎಂದು. 2017ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ನಮ್ಮವರೇ ಆದ ಮಂಜೇಶ್ವರ ಗೋವಿಂದ ಪೈ (1883–1963) ಅವರನ್ನು 1949ರಲ್ಲಿ ಆಗಿನ ಮದ್ರಾಸ್ ಸರ್ಕಾರ ರಾಷ್ಟ್ರಕವಿ ಎಂದು ಗೌರವಿಸಿತು. ಕನ್ನಡಕ್ಕೆ ಆ ಬಿರುದು ಮೊದಲು ಬಂದದ್ದು ಒಬ್ಬ ಗೋವಿಂದನಿಂದ. ಹಳ್ಳಿಗಳಿಗೆ ಬಂದರೆ ಗೋವಿಂದಪ್ಪ, ಗೋವಿಂದಯ್ಯ, ಗೋವಿಂದೇಗೌಡ, ಗೋವಿಂದರಾಜು, ಗೋವಿಂದಮ್ಮ. ಒಂದೇ ಹೆಸರು ಅಪ್ಪ, ಅಯ್ಯ, ಗೌಡ, ಅಮ್ಮ ಎಲ್ಲವನ್ನೂ ಕೂಡಿಕೊಂಡು ಜಾತಿಜಾತಿಗಳ ಗೆರೆ ದಾಟಿ ಹರಡಿದೆ.

ಇನ್ನು ಆಡುಮಾತು. "ಚೀಟಿ ದುಡ್ಡು ಗೋವಿಂದ", "ಫೋನು ಬಾವಿಗೆ ಬಿತ್ತು, ಗೋವಿಂದಾ", "ಈ ಸಲದ ಬೋನಸ್ಸು ಗೋವಿಂದ ಕಣಯ್ಯ". ಕಿವಿಗೊಟ್ಟು ಕೇಳಿದರೆ ಇದು ನಾಮಪದದ ಹಾಗೆ ನಡೆದುಕೊಳ್ಳುವುದಿಲ್ಲ ಎಂದು ಗೊತ್ತಾಗುತ್ತದೆ. ಇದಕ್ಕೆ ಬಹುವಚನವಿಲ್ಲ, ವಿಭಕ್ತಿ ಹತ್ತುವುದಿಲ್ಲ. "ಗೋವಿಂದದಲ್ಲಿ ಹೋಯ್ತು" ಎಂದು ಯಾರೂ ಹೇಳರು. ವಾಕ್ಯದ ಕೊನೆಗೆ ನಿಲ್ಲುತ್ತದೆ, ಬೇಕಾದರೆ "ಆಯ್ತು" ಸೇರಿಸಿಕೊಳ್ಳುತ್ತದೆ. ಹೆಚ್ಚಾಗಿ ಕೊನೆಯ ಸ್ವರ ಉದ್ದವಾಗುತ್ತದೆ, ಕೆಲವು ಸಲ ಎರಡು ಬಾರಿ ಬರುತ್ತದೆ: ಮೊದಲನೆಯದು ಎಳೆದು, ಎರಡನೆಯದು ಕುಯ್ದು. "ಗೋವಿಂದಾ... ಗೋವಿಂದ!" ಇದು ಒಬ್ಬ ಕೂಗಿ ಗುಂಪು ಓಗೊಡುವ ರೀತಿಯ ಪಡಿಯಚ್ಚು. ಅಂದರೆ ನಾವು ಬಳಸುತ್ತಿರುವುದು ವ್ಯಕ್ತಿಯ ಹೆಸರನ್ನಲ್ಲ, ಒಂದು ಕೂಗನ್ನು. ನಿಮ್ಮ ಮಗುವಿನ ಮಟ್ಟಿಗೆ ಮುಖ್ಯವಾದ ಮಾತು ಇದೇ.

ಯಾಕೆಂದರೆ ನಮ್ಮಲ್ಲಿ ಹೆಸರುಗಳು ಎರಡು ಬಗೆಯಲ್ಲಿ ಬೀದಿಗೆ ಬರುತ್ತವೆ. ಕೆಲವು ಹೆಸರುಗಳು ಮನುಷ್ಯನ ಗುಣಕ್ಕೆ ಅಂಟುತ್ತವೆ: ಸಂಚು ಮಾಡುವವನು ಶಕುನಿ, ಇಲ್ಲಿಯದನ್ನು ಅಲ್ಲಿಗೆ ಹಚ್ಚುವವನು ನಾರದ, ಮಲಗಿದರೆ ಏಳದವನು ಕುಂಭಕರ್ಣ, ಮೂಗಿನ ತುದಿಯಲ್ಲಿ ಸಿಟ್ಟಿರುವವನು ದೂರ್ವಾಸ. ಇವು ಆಳಿನ ಮೇಲೆ ಬೀಳುವ ಮುದ್ರೆಗಳು. ಗೋವಿಂದ ಹಾಗಲ್ಲ. "ಅವನೊಬ್ಬ ಗೋವಿಂದ" ಎಂದು ಯಾರನ್ನೂ ಬೈಯುವುದಿಲ್ಲ. ಬಿದ್ದುಹೋಗುವುದು ವಸ್ತು, ದುಡ್ಡು, ಅವಕಾಶ, ಮನುಷ್ಯನಲ್ಲ. ಜೊತೆಗೆ ಇದಕ್ಕೆ ಮೇರೆಯೂ ಇದೆ. ನಿಜವಾದ ದುಃಖದ ಮನೆಯಲ್ಲಿ ಈ ಮಾತು ಯಾರೂ ಆಡುವುದಿಲ್ಲ. ಮನೆ ಸುಟ್ಟವನೆದುರು "ಗೋವಿಂದ" ಎಂದರೆ ಅದು ಕ್ರೌರ್ಯವಾದೀತು ಎಂದು ಕನ್ನಡ ಬಲ್ಲ ಎಲ್ಲರಿಗೂ ಗೊತ್ತು. ಹೋದದ್ದು ಹೋಯಿತು, ಅದಕ್ಕಾಗಿ ಯಾರ ಮೇಲೂ ಹರಿಹಾಯುವುದು ಬೇಡ, ಕೈ ಝಾಡಿಸಿ ಎದ್ದುಬಿಡೋಣ ಎನ್ನುವ ಕಡೆ ಮಾತ್ರ ಅದು ಹೊಂದುತ್ತದೆ.

ಈ ಕೂಗು ಎಲ್ಲಿಯದು ಎಂದರೆ, ನನಗೆ ಅನುಮಾನವಿಲ್ಲದಷ್ಟು ಸ್ಪಷ್ಟವಾಗಿ ಕಾಣುವುದು ತಿರುಮಲೆ. ಏಳು ಬೆಟ್ಟ ಹತ್ತುವಾಗ ಗೋವಿಂದಾ, ಮುಡಿ ಕೊಡುವಾಗ ಗೋವಿಂದಾ, ಸರದಿಯ ಬಾಗಿಲು ತೆರೆದಾಗ ಗೋವಿಂದಾ, ಕೊನೆಗೆ ಹುಂಡಿಗೆ ಕೈ ಬಿಡುವಾಗ ಗೋವಿಂದಾ. ಅರಿಸಿನದ ಬಟ್ಟೆಯಲ್ಲಿ ವರ್ಷಗಟ್ಟಲೆ ಕಟ್ಟಿಟ್ಟ ಮುಡುಪು, ಕಿವಿಯಿಂದ ಬಿಚ್ಚಿದ ಓಲೆ, ತಲೆಯ ಮೇಲಿನ ಕೂದಲು, ಹೀಗೆ ತನ್ನದೆನ್ನುವುದೊಂದು ಕೈತಪ್ಪಿ ಹೋಗುವ ಪ್ರತಿ ಗಳಿಗೆಯಲ್ಲೂ ಭಕ್ತನ ಬಾಯಲ್ಲಿ ಇರುವುದು ಆ ಹೆಸರು. ಹುಂಡಿಗೆ ಬಿದ್ದ ಕಾಸು ತಿರುಗಿ ಬರುವುದಿಲ್ಲ. ಬರಬೇಕೆಂದು ಹಾಕಿದ್ದೂ ಅಲ್ಲ.

ಅದಕ್ಕೆ ಸ್ಥಳದ ಕಥೆಯ ಒತ್ತಾಸೆಯೂ ಇದೆ. ಪದ್ಮಾವತಿಯ ಮದುವೆಗೆಂದು ಶ್ರೀನಿವಾಸ ಕುಬೇರನಲ್ಲಿ ಸಾಲ ಮಾಡಿದ, ಆ ಸಾಲದ ಬಡ್ಡಿ ಕಲಿಯುಗ ಮುಗಿಯುವವರೆಗೂ ತೀರದು, ಭಕ್ತರು ಹಾಕುವುದೆಲ್ಲ ಬಡ್ಡಿಗೆ ಸಲ್ಲುತ್ತದೆ ಎಂಬುದು ಎಲ್ಲರೂ ಬಲ್ಲ ಕಥೆ. ತೆಲುಗರು ಸ್ವಾಮಿಯನ್ನು ಪ್ರೀತಿಯಿಂದ "ವಡ್ಡಿ ಕಾಸುಲವಾಡು", ಬಡ್ಡಿ ಕಾಸಿನವನು, ಎಂದೇ ಕರೆಯುತ್ತಾರೆ. ಬೆಟ್ಟದ ಕೆಳಗೆ ತಿರುಪತಿ ಊರಿನಲ್ಲಿ ಗೋವಿಂದರಾಜಸ್ವಾಮಿಯ ದೊಡ್ಡ ಗುಡಿಯಿದೆ. ರಾಮಾನುಜಾಚಾರ್ಯರು 12ನೆಯ ಶತಮಾನದಲ್ಲಿ ನೆಲೆಗೊಳಿಸಿದರೆಂಬ ಸಂಪ್ರದಾಯ. ಅಲ್ಲಿ ಮಲಗಿರುವ ಮೂರ್ತಿಯನ್ನು ತೋರಿಸಿ ಹೇಳುವ ಕಥೆ ಇನ್ನೂ ಸೊಗಸು: ಈತ ವೆಂಕಟೇಶನ ಅಣ್ಣ, ಸಾಲ ತೀರಿಸಲು ದುಡ್ಡು ಅಳೆದು ಅಳೆದು ದಣಿದು, ಕೊನೆಗೆ ಅಳತೆಯ ಕೊಳಗವನ್ನೇ ತಲೆದಿಂಬು ಮಾಡಿಕೊಂಡು ಮಲಗಿಬಿಟ್ಟ ಎಂದು. ಸುರಿದಷ್ಟೂ ತುಂಬದ ಸಾಲ, ಅದನ್ನು ಅಳೆಯುವ ಗೋವಿಂದ. ದುಡ್ಡು ಹೋಯಿತು ಎನ್ನಲು ಜನ ಈ ಹೆಸರನ್ನೇ ಎತ್ತಿಕೊಂಡದ್ದರಲ್ಲಿ ಆಶ್ಚರ್ಯವೇನು?

ಈ ಅರ್ಥ ಎಲ್ಲೆಲ್ಲಿ ಇದೆ ಎಂದು ನೋಡಿದರೂ ಅದೇ ದಾರಿ ತೋರುತ್ತದೆ. ಕನ್ನಡದಲ್ಲಿದೆ, ತೆಲುಗಿನಲ್ಲಿದೆ, ತಮಿಳಿನಲ್ಲಿದೆ. ತಿರುಮಲೆಗೆ ತಲೆತಲಾಂತರದಿಂದ ಗಾಡಿ ಕಟ್ಟಿಕೊಂಡು ಹೋದವರು ಈ ಮೂರು ಭಾಷೆಯವರೇ. ಹಿಂದಿಯವರಿಗೆ ಈ ತಮಾಷೆ ಅರ್ಥವಾಗುವುದಿಲ್ಲ. ಅವರಿಗೆ ಗೋವಿಂದ ಎಂದರೆ ದೇವರು, ಇಲ್ಲವೇ ಆ ಹೆಸರಿನ ಸಿನಿಮಾ ನಟ. ಮುಂಬಯಿಗೆ ಹೋದರೆ ಅರ್ಥವೇ ತಿರುವುಮುರುವು. ಅಲ್ಲಿ ಗೋಕುಲಾಷ್ಟಮಿಯ ಮರುದಿನ ಒಬ್ಬರ ಹೆಗಲ ಮೇಲೊಬ್ಬರು ನಿಂತು ಮೊಸರುಗಡಿಗೆ ಒಡೆಯುವ ಹುಡುಗರ ಹೆಸರು ಗೋವಿಂದಾ. 2022ರಲ್ಲಿ ಮಹಾರಾಷ್ಟ್ರ ಸರ್ಕಾರ ಆ ಆಟಕ್ಕೆ ಸಾಹಸಕ್ರೀಡೆಯ ಮಾನ್ಯತೆಯನ್ನೂ ಘೋಷಿಸಿತು. ನಮ್ಮಲ್ಲಿ ಕೈ ಬಿಟ್ಟುಹೋದದ್ದು ಗೋವಿಂದ, ಅಲ್ಲಿ ಎಟುಕದ್ದನ್ನು ಎಟುಕಿಸಿಕೊಂಡವನು ಗೋವಿಂದ. ನಿಮ್ಮ ಮಗ ನಾಳೆ ಪುಣೆಯಲ್ಲಿ ಕೆಲಸಕ್ಕೆ ಸೇರಿದರೆ ಅವನ ಹೆಸರು ಕೇಳಿ ಯಾರಿಗೂ ನಷ್ಟ ನೆನಪಾಗುವುದಿಲ್ಲ.

ತಿರುಮಲೆಯ ಕೂಗು ನಮ್ಮ ಹಳ್ಳಿಯ ಬಾಗಿಲಿಗೆ ಬಂದದ್ದು ದಾಸಯ್ಯಂದಿರ ಮೂಲಕ. ಶಂಖ, ಜಾಗಟೆ, ಗರುಡಗಂಬ ಎಂಬ ದೀಪದ ಕಂಬ, ಬವನಾಸಿ ಎಂಬ ಭಿಕ್ಷೆಯ ಪಾತ್ರೆ. ನಿಮ್ಮ ತುಮಕೂರು ಕಡೆಯ ಹಿರಿಯರಿಗೆ ಈ ನಾಲ್ಕನ್ನೂ ವಿವರಿಸಬೇಕಾಗಿಲ್ಲ. ಶ್ರಾವಣ ಶನಿವಾರ ಬಂತೆಂದರೆ ತಿಮ್ಮಪ್ಪನ ಒಕ್ಕಲಿನ ಮನೆಗಳ ಹುಡುಗರು ಹಣೆಗೆ ನಾಮ ಎಳೆದುಕೊಂಡು, ತುಳಸಿ ಸುತ್ತಿದ ಚೊಂಬು ಹಿಡಿದು, "ವೆಂಕಟರಮಣಾ ಗೋವಿಂದಾ ಗೋವಿಂದ" ಎಂದು ಮನೆಮನೆಗೆ ಹೋಗುತ್ತಿದ್ದರು. ಚಿಕ್ಕವನಾಗಿದ್ದಾಗ ನಾನೂ ಹೋಗಿದ್ದೇನೆ. ಇದ್ದವರ ಮನೆಯ ಹುಡುಗನೂ ಆ ದಿನ ಬೇಡಲೇಬೇಕು. ಹಾಗೆ ಬಂದ ಅಕ್ಕಿಯಿಂದಲೇ ಪೂಜೆಯ ಅಡುಗೆ. ಗೋಪಾಳ ಎತ್ತುವುದು ಎನ್ನುತ್ತಿದ್ದರು ಅದಕ್ಕೆ. ನಾಮಕ್ಕೂ ಇದೇ ಗತಿಯಾಗಿದೆ ನೋಡಿ: ಹಣೆಯ ಮೇಲಿನ ಪವಿತ್ರ ಗೆರೆ ಆಡುಮಾತಿನಲ್ಲಿ "ಮೂರು ನಾಮ ಹಾಕಿದ", "ಪಂಗನಾಮ ಹಾಕಿದ" ಎಂದು ಮೋಸಕ್ಕೆ ಹೆಸರಾಗಿದೆ. ಚೊಂಬು ಕೂಡ ಬರಿಗೈಯ ಗುರುತಾಗಿದೆ. ಮುಡಿ ಕೊಡುವ ಕಡೆಯಿಂದ "ತಿರುಪತಿ ಕ್ಷೌರ" ಬಂದಿದೆ, ಎಲ್ಲವನ್ನೂ ಶುರು ಮಾಡಿ ಯಾವುದನ್ನೂ ಮುಗಿಸದ ಕೆಲಸಕ್ಕೆ.

ದೇವರ ಮನೆಯ ಮಾತುಗಳು ಬೀದಿಗೆ ಇಳಿದಾಗ ಅವು ಹಿಡಿಯುವುದು ಬಹಳ ಸಲ ಕ್ರಿಯೆಯ ಕೊನೆಯ ಗಳಿಗೆಯನ್ನೇ. ಪೂಜೆ ಮುಗಿಯುವಾಗ ಹೇಳುವ "ಕೃಷ್ಣಾರ್ಪಣ" ಕೈಬಿಟ್ಟ ಬಾಕಿಗೆ ಹೆಸರಾಯಿತು. ಹೋಮದ "ಸ್ವಾಹಾ" ನುಂಗಿ ನೀರು ಕುಡಿದದ್ದಕ್ಕೆ, ಪಿತೃಕಾರ್ಯದ "ಎಳ್ಳುನೀರು" ಆಸೆ ಬಿಟ್ಟದ್ದಕ್ಕೆ, "ಮಂಗಳಾರತಿ" ಬೈಗುಳಕ್ಕೆ. ಸೆರೆಮನೆಗೆ "ಕೃಷ್ಣಜನ್ಮಸ್ಥಾನ" ಎನ್ನುವುದು ಮಾತ್ರ ಬೇರೆ ಜಾತಿಯದು, ಅದು ಕಥೆಯಿಂದ ಬಂದದ್ದು. ಆಚಮನ ಮಾಡುವವರು ಗಮನಿಸಿರುತ್ತಾರೆ: ಕೇಶವ, ನಾರಾಯಣ, ಮಾಧವ ಎಂದು ಮೂರು ಸಲ ನೀರು ಒಳಗೆ ಹೋಗುತ್ತದೆ, ನಾಲ್ಕನೆಯ ಹೆಸರು "ಗೋವಿಂದಾಯ ನಮಃ" ಬಂದಾಗ ಕೈ ತೊಳೆದು ಬಿಡುವುದು. "ಎಲ್ಲ ಗೋವಿಂದಾಯ ನಮಃ ಆಯ್ತು" ಎಂದು ಹಿರಿಯರು ಹೇಳುವುದನ್ನು ಕೇಳಿದಾಗಲೆಲ್ಲ ನನಗೆ ಈ ಕೈ ತೊಳೆಯುವ ಗಳಿಗೆ ನೆನಪಾಗುತ್ತದೆ. ತಿರುಮಲೆಯೇ ಮುಖ್ಯ ಮೂಲ, ಇದು ಅದರ ಜೊತೆ ಕೂಡಿಕೊಂಡ ಸಣ್ಣ ತೊರೆ ಎಂಬುದು ನನ್ನ ಊಹೆ.

ಈಗ ಮಾವನವರ ಮಾತಿಗೆ ಬರುತ್ತೇನೆ. ಅವರು ಹೇಳಿದ್ದು ನಿಜ. ಹಳೇ ಮೈಸೂರು ಕಡೆಯ ನಾಮಧಾರಿ ಮನೆಗಳಲ್ಲಿ ಶವದ ಮುಂದೆ ದಾಸಯ್ಯ ಶಂಖ ಊದಿ, ಜಾಗಟೆ ಬಡಿದು ಗೋವಿಂದಾ ಎನ್ನುತ್ತಾನೆ, ಜನ ಓಗೊಡು­ತ್ತಾರೆ. ತಮಿಳಿನಲ್ಲಿ ದಿಕ್ಕಿಲ್ಲದವರಿಗೆ ಊರವರೇ ಸೇರಿ ಮಾಡುವ ಅಂತ್ಯಕ್ರಿಯೆಗೆ "ಗೋವಿಂದಕ್ಕೊಳ್ಳಿ" ಎಂಬ ಪದವೇ ಇದೆ. ಕೊಳ್ಳಿ ಇಡಲು ಮಗನಿಲ್ಲದವನಿಗೆ ಗೋವಿಂದನೇ ದಿಕ್ಕು ಎಂದು. ಶಂಕರರದೆನ್ನುವ "ಭಜ ಗೋವಿಂದಂ" ಸ್ತೋತ್ರದ ಮೊದಲ ನುಡಿಯೂ ಸಾವು ಹತ್ತಿರ ಬಂದಾಗ ವ್ಯಾಕರಣ ಸೂತ್ರ ಕಾಯುವುದಿಲ್ಲ, ಗೋವಿಂದನನ್ನು ನೆನೆ ಎನ್ನುತ್ತದೆ. ಆದರೆ ಅದೇ ಮಾವನವರು ಎಷ್ಟು ಮದುವೆಯ ಊಟದಲ್ಲಿ ಕುಳಿತಿಲ್ಲ? ಎಲೆಗೆ ಅನ್ನ ಬಿದ್ದು, ತುಪ್ಪ ಬಿದ್ದು, ಎಲ್ಲರೂ ಕಾಯುತ್ತಿರುವಾಗ ಪಂಕ್ತಿಯ ತುದಿಯಿಂದ "ಶ್ರೀಮದ್ರಮಾರಮಣ ಗೋವಿಂದಾ" ಎಂದು ಒಬ್ಬರು ಎತ್ತುತ್ತಾರೆ, ಇಡೀ ಪಂಕ್ತಿ "ಗೋವಿಂದ" ಎನ್ನುತ್ತದೆ, ಕೈ ಎಲೆಗೆ ಇಳಿಯುತ್ತದೆ. ಅಲ್ಲಿ ಆ ಕೂಗು ಶುರುವಿನ ಗಂಟೆ. ಹೆಣದ ಮುಂದೆ ಕೂಗುವ ಹೆಸರು ಮದುವೆಯ ಊಟದಲ್ಲೂ ಕೂಗುವ ಹೆಸರೇ ಆಗಿರುವಾಗ ಒಂದನ್ನೇ ಹಿಡಿದು ಅಪಶಕುನ ಎನ್ನಲಾಗದು. ಮನುಷ್ಯನೊಬ್ಬನಿಂದ ಆಗದ್ದು ಎದುರಾದಾಗ ಊರು ಒಟ್ಟಾಗಿ ಕೂಗುವ ಹೆಸರು ಅದು.

ಇಲ್ಲಿಗೆ ನನ್ನ ಮೊದಲ ಒಗಟಿಗೆ ಉತ್ತರ ಸಿಕ್ಕುತ್ತದೆ ಎಂದು ನಂಬಿದ್ದೇನೆ. ಹುಡುಕಿ ಪಡೆದವನ ಹೆಸರು ಕಳೆದದ್ದಕ್ಕೆ ಅಂಟಿದ್ದು ಅಜ್ಞಾನದಿಂದ ಅಲ್ಲ. ಎರಡರ ನಡುವೆ ಒಂದು ಸೇತುವೆ ಇದೆ: ಕೈ ಬಿಡುವುದು. ಭಗವದ್ಗೀತೆಯಲ್ಲಿ ಅರ್ಜುನ ಕೃಷ್ಣನನ್ನು ಬೇರೆ ಬೇರೆ ಹೆಸರುಗಳಿಂದ ಕರೆಯುತ್ತಾನೆ. ಗೋವಿಂದ ಎಂಬ ಹೆಸರು ಬರುವುದು ಎಲ್ಲಿ? ಮೊದಲ ಅಧ್ಯಾಯದಲ್ಲಿ "ಕಿಂ ನೋ ರಾಜ್ಯೇನ ಗೋವಿಂದ", ಈ ರಾಜ್ಯದಿಂದ ನಮಗೇನು ಎನ್ನುವಾಗ. ಎರಡನೆಯ ಅಧ್ಯಾಯದಲ್ಲಿ, ನಾನು ಯುದ್ಧ ಮಾಡುವುದಿಲ್ಲ ಎಂದು ಗೋವಿಂದನಿಗೆ ಹೇಳಿ ಸುಮ್ಮನಾದನು ಎನ್ನುವಾಗ. ಎರಡೂ ಎಲ್ಲವನ್ನೂ ಬಿಟ್ಟು ಕುಳಿತ ಗಳಿಗೆಗಳೇ.

ದ್ರೌಪದಿಯ ಪ್ರಸಂಗವನ್ನು ನಮ್ಮ ಹರಿಕಥೆ ದಾಸರು ಹೇಳುವ ರೀತಿ ನಿಮಗೆ ಗೊತ್ತಿರಬಹುದು. ಒಂದು ಕೈಯಲ್ಲಿ ಸೆರಗು ಹಿಡಿದುಕೊಂಡು ಕೂಗುವವರೆಗೂ ಕೃಷ್ಣ ಬರಲಿಲ್ಲವಂತೆ. ಎರಡೂ ಕೈ ಮೇಲೆತ್ತಿ ಗೋವಿಂದಾ ಎಂದಾಗ ಸೀರೆ ಮುಗಿಯದಾಯಿತು. ಈ ಪ್ರಸಂಗವನ್ನು ಕೃಷ್ಣ ನೆನೆಯುವ ಒಂದು ಶ್ಲೋಕ ಉದ್ಯೋಗಪರ್ವದಲ್ಲಿದೆ. ಯುದ್ಧಕ್ಕೆ ಮುಂಚೆ ಸಂಜಯನ ಬಳಿ ಅವನು ಹೇಳುತ್ತಾನೆ: "ಋಣಮೇತತ್ ಪ್ರವೃದ್ಧಂ ಮೇ ಹೃದಯಾನ್ನಾಪಸರ್ಪತಿ, ಯದ್ಗೋವಿಂದೇತಿ ಚುಕ್ರೋಶ ಕೃಷ್ಣಾ ಮಾಂ ದೂರವಾಸಿನಮ್". ದೂರದಲ್ಲಿದ್ದ ನನ್ನನ್ನು ಕೃಷ್ಣೆ, ಅಂದರೆ ದ್ರೌಪದಿ, ಗೋವಿಂದಾ ಎಂದು ಕೂಗಿದಳಲ್ಲ, ಆ ಸಾಲ ಬೆಳೆಯುತ್ತಲೇ ಇದೆ, ನನ್ನ ಎದೆ ಬಿಟ್ಟು ಹೋಗುತ್ತಿಲ್ಲ. ನಲವತ್ತು ಸಲವಾದರೂ ಓದಿರುವ ಈ ಶ್ಲೋಕ ಪ್ರತಿ ಸಲವೂ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ನಾವು ಗೋವಿಂದ ಎಂದರೆ ನಮ್ಮ ದುಡ್ಡು ಹೋದ ಲೆಕ್ಕ. ಅವನ ಪುಸ್ತಕದಲ್ಲಿ ಅದೇ ಕೂಗು ಅವನು ತೀರಿಸಬೇಕಾದ ಬಾಕಿ.

ಇನ್ನು ನೇರವಾದ ಮಾತು. ಮಗ ಶಾಲೆಯಲ್ಲಿ ಈ ತಮಾಷೆ ಕೇಳುತ್ತಾನೆ. ಪೆನ್ಸಿಲ್ ಕಳೆದಾಗ ಪಕ್ಕದ ಹುಡುಗ "ಗೋವಿಂದಾ" ಎಂದು ಕೂಗಿ, ಆಮೇಲೆ ಇವನ ಮುಖ ನೋಡಿ ನಗುತ್ತಾನೆ. ಅದಕ್ಕೆ ಅವನನ್ನು ಮೊದಲೇ ಸಜ್ಜು ಮಾಡಿ: ವರಾಹನ ಕಥೆ ಹೇಳಿ, ಕಳೆದದ್ದನ್ನು ಹುಡುಕಿ ಕೊಡುವವನ ಹೆಸರು ನಿನ್ನದು ಎಂದು ಹೇಳಿ. ಐದು ವರ್ಷದ ಮಗುವಿಗೆ ಭೂಮಿಯನ್ನು ಎತ್ತಿ ತಂದ ಹಂದಿಯ ಕಥೆಗಿಂತ ಇಷ್ಟವಾಗುವುದು ಬೇರೇನೂ ಇರಲಾರದು. ಕನ್ನಡದಲ್ಲಿ ಪೂರ್ತಿಯಾಗಿ "ಗೋವಿಂದ" ಎಂದೇ ಬರೆಸಿ. ಇಂಗ್ಲಿಷ್ ಅರ್ಜಿಗಳಲ್ಲಿ ಕೊನೆಯ "ಎ" ಅಕ್ಷರವನ್ನು ಬಿಡಬೇಡಿ. ಬಿಟ್ಟರೆ ಹೆಸರು "ಗೋವಿಂದ್" ಆಗುತ್ತದೆ, ಅದು ನಮ್ಮ ನಾಲಿಗೆಯದಲ್ಲ, ಉತ್ತರದವರದು. ಗೋವಿಂದರಾಜ, ಗೋವಿಂದಕೃಷ್ಣ ಎಂದು ಉದ್ದ ಮಾಡಿ ತಮಾಷೆಯಿಂದ ತಪ್ಪಿಸಿಕೊಳ್ಳಬಹುದು ಎಂದು ಯಾರಾದರೂ ಹೇಳಿಯಾರು. ಬೇಡ. ನಿಮ್ಮ ತಾತನ ಹೆಸರಿಗೆ ಬಾಲ ಕಟ್ಟುವ ಅಗತ್ಯವಿಲ್ಲ.

ನಿಮ್ಮ ಮನೆಯಲ್ಲಿ ತಾತನ ಹೆಸರನ್ನು ಮೊಮ್ಮಕ್ಕಳಿಗೆ ಇಡುವ ಪದ್ಧತಿ ಇದ್ದರೆ, ಹಿರಿಯರ ಹೆಸರು ಹಿಡಿದು ಗದರಬಾರದೆಂದು ಮಗುವನ್ನು ಮನೆಯಲ್ಲಿ ಬೇರೆ ಮುದ್ದುಹೆಸರಿನಿಂದ ಕರೆಯುವುದೂ ಇರುತ್ತದೆ. ಹಾಗಿದ್ದರೆ ಗೋವಿ ಎನ್ನಿ, ಗೋವಿಂದು ಎನ್ನಿ, ಅಪ್ಪಯ್ಯ ಎನ್ನಿ. ಹೆಂಡತಿಯ ಅಕ್ಕನಿಗೆ ಉತ್ತರ ಕೊಡಲು ಹೋಗಬೇಡಿ. ಮೊದಲ ಸಲ ಎತ್ತಿಕೊಂಡು "ಗೋವಿಂದೂ" ಎಂದು ಕರೆದ ದಿನವೇ ಅವರ ಬಾಯಲ್ಲಿ ಆ ಪದದ ಅರ್ಥ ಬದಲಾಗುತ್ತದೆ. ಮಾವನವರಿಗೆ ಮಾತ್ರ ಒಂದು ಕೆಲಸ ಕೊಡಿ. ನಾಮಕರಣದ ದಿನ ತಟ್ಟೆಯಲ್ಲಿ ಅಕ್ಕಿ ಹರಡಿ ಉಂಗುರದಿಂದ ಹೆಸರು ಬರೆಯುವಾಗ, ನೀವು ಬರೆದ ಮೇಲೆ ಉಂಗುರವನ್ನು ಅವರ ಕೈಗೆ ಕೊಟ್ಟು, ಒಮ್ಮೆ ಅವರಿಂದಲೂ ಬರೆಸಿ.